ಕಾರಣ: ವಿಡಿಯೊ ಗೇಮ್ (ಒಂದು ಶಾಲಾ ಪ್ರಕರಣದ ಅಧ್ಯಯನ)

ಇದು ಒಂದು ಶಾಲೆಯಲ್ಲಿ ನಡೆದದ್ದು. ನಾನು ಅಲ್ಲಿ ಆಪ್ತ ಸಮಾಲೋಚಕಿ. ಊರು, ವರ್ಷ, ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಹೊಡೆದವನನ್ನು 'ಹುಡುಗ' ಎನ್ನುತ್ತೇನೆ, ಏಟು ತಿಂದವನನ್ನು 'ಸಹಪಾಠಿ'. ನಾವು ಇದನ್ನು ಚೆನ್ನಾಗಿ ನಿಭಾಯಿಸಿದೆವು ಅಂತ ಬರೆಯುತ್ತಿಲ್ಲ. ಮೊದಲ ಆರು ವಾರ ತಪ್ಪು ದಾರಿಯಲ್ಲೇ ನಡೆದೆವು. ಆ ದಾರಿ ಹಿಡಿಸಿದ ಕಾಗದಕ್ಕೆ ನನ್ನ ಸಹಿಯೂ ಇತ್ತು.

ಹಿನ್ನೆಲೆ

ಹುಡುಗನಿಗೆ ಹದಿನಾಲ್ಕು. ಹಿಂದಿನ ವರ್ಷ ಬೇರೆ ಶಾಲೆಯಿಂದ ಬಂದಿದ್ದ. ಅಂಕ ಸಾಧಾರಣ, ಮಾತು ಕಡಿಮೆ. ಹಳೆಯ ದೂರು ಒಂದೂ ಇರಲಿಲ್ಲ. ಮಾತಾಡುವಾಗ ಉಗ್ಗುತ್ತಾನೆ ಅನ್ನುವುದು ಎಲ್ಲ ಶಿಕ್ಷಕರಿಗೂ ಗೊತ್ತಿತ್ತು. ಗೊತ್ತಿದ್ದರೂ ಯಾವ ಫೈಲಿನಲ್ಲೂ ಬರೆದಿರಲಿಲ್ಲ.

ಒಂದು ಶುಕ್ರವಾರ ಮೂರನೇ ಪೀರಿಯಡ್ ಮುಗಿದ ಮೇಲೆ, ಮೆಟ್ಟಿಲ ತಿರುವಿನಲ್ಲಿ, ಸ್ಟೀಲಿನ ನೀರಿನ ಬಾಟಲಿಯಿಂದ ಸಹಪಾಠಿಯ ಹಣೆಗೆ ಹೊಡೆದ. ಒಂದೇ ಏಟು. ಐದು ಹೊಲಿಗೆ ಬಿತ್ತು. ಕಣ್ಣಿಗೆ ಎರಡು ಬೆರಳಿನಷ್ಟು ದೂರ.

ಮಧ್ಯಾಹ್ನದ ಹೊತ್ತಿಗೆ ಪ್ರಾಂಶುಪಾಲರ ಕೋಣೆಯಲ್ಲಿ ಐದು ಜನ ಸೇರಿದ್ದೆವು. ಹುಡುಗನ ತಂದೆ ಬಂದವರೇ ಹೇಳಿದ್ದು ಇಷ್ಟು: "ರಾತ್ರಿಯೆಲ್ಲ ಆ ಬಂದೂಕಿನ ಗೇಮ್ ಆಡ್ತಾ ಕೂತಿರ್ತಾನೆ ಸರ್. ಇನ್ನೇನಾಗುತ್ತೆ?" ಫೋನ್ ತೆಗೆದು ತೋರಿಸಿದರು. ಗುಂಡು ಹಾರಿಸುವ ಆಟ, ವಯಸ್ಕರಿಗೆ ಮಾತ್ರ ಅಂತ ಅದರ ಮೇಲೇ ಬರೆದಿತ್ತು. ಕೋಣೆಯಲ್ಲಿದ್ದವರ ಹೆಗಲು ಇಳಿದದ್ದು ನನಗೆ ಈಗಲೂ ನೆನಪಿದೆ. ಅಬ್ಬಾ, ಕಾರಣ ಸಿಕ್ಕಿತು ಎನ್ನುವ ನಿರಾಳ ಅದು.

ಘಟನೆಯ ವರದಿಯ ನಮೂನೆಯಲ್ಲಿ ಕೊನೆಗೆ 'ಕಾರಣ' ಅಂತ ಒಂದು ಸಾಲು ಇರುತ್ತದೆ. ಒಂದೇ ಸಾಲು. ಪಿ.ಟಿ. ಮೇಷ್ಟ್ರು ಅದರಲ್ಲಿ 'ವಿಡಿಯೊ ಗೇಮ್' ಎಂದು ಬರೆದರು. ಕೆಳಗೆ ನಾನೂ ಸಹಿ ಹಾಕಿದೆ.

ಹುಡುಗನನ್ನು ನಾವು ಕೇಳಲಿಲ್ಲ ಅಂತಲ್ಲ. ಕೇಳಿದೆವು. "ಗೇಮ್‌ನಿಂದ ಹೀಗಾಯ್ತಾ?" ಅಂತ ಕೇಳಿದೆವು. ಅವನು ತಲೆಯಾಡಿಸಿದ. ಐದು ಜನ ದೊಡ್ಡವರು ಉತ್ತರವನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಿದರೆ ಮಾತು ಉಗ್ಗುವ ಹುಡುಗ ಇನ್ನೇನು ಮಾಡಿಯಾನು? ಏನಾಯಿತು ಅಂತ ವಿವರಿಸುವುದಕ್ಕಿಂತ ತಲೆಯಾಡಿಸುವುದು ಅವನಿಗೆ ಸಾವಿರ ಪಾಲು ಸುಲಭವಿತ್ತು.

ಮೊದಲು ಮಾಡಿದ್ದು

ಹತ್ತು ದಿನ ಶಾಲೆಗೆ ಬರಬೇಡ ಎಂದೆವು. ಗೇಮ್ ಅಳಿಸಿ, ಫೋನ್ ಬೀರುವಿನಲ್ಲಿಟ್ಟು ಬೀಗ ಹಾಕಲು ತಂದೆಗೆ ಹೇಳಿದೆವು. ಕ್ಷಮಾಪಣೆ ಪತ್ರ ಬರೆಸಿದೆವು. ಪತ್ರದಲ್ಲಿ 'ಹಿಂಸಾತ್ಮಕ ಗೇಮ್ ಆಡಿ ನನ್ನ ಮನಸ್ಸು ಕೆಟ್ಟಿತ್ತು' ಎಂಬ ವಾಕ್ಯವಿತ್ತು. ಅದು ಹದಿನಾಲ್ಕು ವರ್ಷದವನ ವಾಕ್ಯವಲ್ಲ ಅಂತ ಓದಿದವರಿಗೆಲ್ಲ ಗೊತ್ತಾಗುತ್ತಿತ್ತು. ಬರೆಸಿದ್ದು ತಂದೆ.

ಸಹಪಾಠಿಯ ತಾಯಿ ಆ ಪತ್ರ ಓದಿ ಮೇಜಿನ ಮೇಲಿಟ್ಟರು. "ಇದರಲ್ಲಿ ಗೇಮ್ ಕ್ಷಮೆ ಕೇಳ್ತಿದೆ. ಹುಡುಗ ಎಲ್ಲಿ?" ಎಂದರು. ಸಿಟ್ಟಿನಲ್ಲಿದ್ದಾರೆ ಅಂದುಕೊಂಡು ನಾವು ಸುಮ್ಮನಾದೆವು. ಇಡೀ ಪ್ರಕರಣದಲ್ಲಿ ಮೊದಲ ಸರಿಯಾದ ಮಾತು ಆಡಿದವರು ಅವರೇ.

ಹುಡುಗ ವಾಪಸ್ ಬಂದ ಮೇಲೆ ಮೂರು ವಾರ ಗಲಾಟೆ ಇರಲಿಲ್ಲ. ಫೈಲಿನಲ್ಲಿ 'ಸುಧಾರಣೆ ಕಂಡಿದೆ' ಎಂದು ಬರೆದೆ. ಪಿ.ಟಿ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ "ನೋಡಿದ್ರಾ?" ಎಂದರು.

ಆರನೇ ವಾರದ ಮಂಗಳವಾರ ಹುಡುಗ ನೋಟಿಸ್ ಬೋರ್ಡಿನ ಗಾಜಿಗೆ ಮುಷ್ಟಿಯಿಂದ ಗುದ್ದಿದ. ಈ ಸಲ ಗಾಯ ಅವನ ಕೈಗೇ ಆಯಿತು. ಆ ಹೊತ್ತಿಗೆ ಅವನು ಗೇಮ್ ಮುಟ್ಟಿ ಐದು ವಾರ ದಾಟಿತ್ತು. ಫೋನ್ ಬೀರುವಿನಲ್ಲೇ ಇತ್ತು, ಬೀಗದ ಕೈ ತಂದೆಯ ಬಳಿ.

ತಿರುವು

ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಹಾಜರಿ ಪುಸ್ತಕ ತರಿಸಿದೆ. 'ಸುಧಾರಣೆ' ಕಂಡ ಆ ಮೂರು ವಾರದಲ್ಲಿ ಹುಡುಗ ನಾಲ್ಕು ದಿನ ರಜೆ ಹಾಕಿದ್ದ. ಎರಡು ಮಂಗಳವಾರ, ಎರಡು ಶುಕ್ರವಾರ. ಪ್ರತಿ ಸಲವೂ ಹೊಟ್ಟೆನೋವು. ಬಾಟಲಿ ಬೀಸಿದ್ದು ಶುಕ್ರವಾರ, ಗಾಜು ಒಡೆದದ್ದು ಮಂಗಳವಾರ. ವೇಳಾಪಟ್ಟಿ ನೋಡಿದೆ. ಆ ಎರಡು ದಿನ ಮೂರನೇ ಪೀರಿಯಡ್ ಭಾಷಾ ಪಾಠ. ಎದ್ದು ನಿಂತು ಗಟ್ಟಿಯಾಗಿ ಓದಿಸುವ ತರಗತಿ.

ಭಾಷಾ ಶಿಕ್ಷಕಿ ಕೆಟ್ಟವರಲ್ಲ. ಓದಿಸಿ ಓದಿಸಿ ಧೈರ್ಯ ಬರಲಿ ಅಂತ ಅವನಿಗೆ ಜಾಸ್ತಿಯೇ ಓದಲು ಕೊಡುತ್ತಿದ್ದರು. ಅವನು ಒಂದು ಅಕ್ಷರದ ಮೇಲೆ ಸಿಕ್ಕಿಕೊಂಡು ನಿಲ್ಲುತ್ತಿದ್ದ. ಗಂಟೆ ಹೊಡೆದ ಮೇಲೆ ಮೆಟ್ಟಿಲಲ್ಲಿ ಮೂವರು ಹುಡುಗರು ಅದೇ ಅಕ್ಷರವನ್ನು ಅದೇ ಥರ ಉಗ್ಗಿ ಉಗ್ಗಿ ಹೇಳುತ್ತಾ ಅವನ ಹಿಂದೆ ಇಳಿಯುತ್ತಿದ್ದರು. ಎಂಟು ತಿಂಗಳು. ಏಟು ತಿಂದ ಸಹಪಾಠಿ ಆ ಮೂವರಲ್ಲಿ ಒಬ್ಬನೂ ಅಲ್ಲ. ಆ ದಿನ ಪಕ್ಕದಲ್ಲಿ ನಡೆಯುತ್ತಿದ್ದ, ನಕ್ಕ, ಅಷ್ಟೇ.

ಇದೆಲ್ಲ ಒಂದೇ ಸಲ ಹೊರಬರಲಿಲ್ಲ. ನಾಲ್ಕು ಬಾರಿ ಕೂತೆವು. ಮಾತು ಕಷ್ಟವಾದಾಗ ಬರೆದು ತೋರಿಸು ಎಂದೆ. ಮೂರನೇ ಸಲ ಅವನು ಬರೆಯದೆ, ಎರಡು ಕಡೆ ತಡವರಿಸಿ, ಬಾಯಿಬಿಟ್ಟು ಹೇಳಿದ: "ನಾನು ಗೇಮ್ ಬಿಟ್ಟೆ ಮೇಡಂ. ಅವರು ಬಿಟ್ರಾ?"

ಹಾಗಾದರೆ ಗೇಮ್ ಪೂರ್ತಿ ನಿರಪರಾಧಿಯಾ? ಅಲ್ಲ. ಅದನ್ನೂ ಬರೆದಿಡಬೇಕು. ಅವನ ಹಳೆಯ ಶಾಲೆಯ ಇಬ್ಬರು ಗೆಳೆಯರು ಸೇರಿ ನಾಲ್ಕು ಜನರ ಒಂದು ತಂಡವಿತ್ತು. ಎಲ್ಲರೂ ಸಿಗುತ್ತಿದ್ದದ್ದು ರಾತ್ರಿ ಹತ್ತರ ಮೇಲೆ. ಅಲ್ಲಿ ಹೆಡ್‌ಫೋನ್ ಹಾಕಿ ಮಾತಾಡುತ್ತಿದ್ದ. ಉಗ್ಗಿದರೂ ಯಾರೂ ನಗುತ್ತಿರಲಿಲ್ಲ. ಮಲಗುವಾಗ ಒಂದೂವರೆ. ಬಾಟಲಿ ಬೀಸಿದ ಹಿಂದಿನ ರಾತ್ರಿ ಸಾಲಾಗಿ ಸೋತು, ನಾಲ್ಕು ಗಂಟೆ ನಿದ್ದೆ ಮಾಡಿ ಶಾಲೆಗೆ ಬಂದಿದ್ದ. ನಿದ್ದೆಗೆಟ್ಟವನ ಸಿಟ್ಟು ಎಷ್ಟು ಬೇಗ ಏರುತ್ತದೆ ಅಂತ ಯಾರಿಗೆ ಗೊತ್ತಿಲ್ಲ! ಅಂದರೆ ಗೇಮ್ ಅವನ ನಿದ್ದೆ ಕದ್ದಿತ್ತು. ಜೊತೆಗೆ, ಇಡೀ ದಿನದಲ್ಲಿ ಅವನು ಭಯವಿಲ್ಲದೆ ಬಾಯಿಬಿಡುತ್ತಿದ್ದ ಒಂದೇ ಜಾಗವೂ ಅದೇ ಆಗಿತ್ತು. ನಾವು ಬೀರುವಿಗೆ ಬೀಗ ಹಾಕಿದಾಗ ಆ ಜಾಗಕ್ಕೂ ಬೀಗ ಬಿತ್ತು. ಮೆಟ್ಟಿಲು ಮಾತ್ರ ಹಾಗೇ ಇತ್ತು.

ಸಿಬ್ಬಂದಿ ಸಭೆ

ಗೇಮ್ ಮುಖ್ಯ ಕಾರಣವಲ್ಲ ಎಂದೆ. ಪಿ.ಟಿ. ಮೇಷ್ಟ್ರು ಒಪ್ಪಲಿಲ್ಲ. "ಕೊಲಂಬೈನ್ ಮರೆತ್ರಾ?" ಎಂದರು. 1999ರ ಏಪ್ರಿಲ್‌ನಲ್ಲಿ ಅಮೆರಿಕದ ಆ ಶಾಲೆಯಲ್ಲಿ ಗುಂಡು ಹಾರಿಸಿದ ಇಬ್ಬರು 'ಡೂಮ್' ಎಂಬ ಬಂದೂಕಿನ ಗೇಮ್ ಆಡುತ್ತಿದ್ದರು ಅನ್ನುವುದು ನಿಜ. ಪ್ರಾಂಶುಪಾಲರು ನನ್ನ ಕಡೆ ತಿರುಗಿ, ಸಂಶೋಧನೆ ಏನನ್ನುತ್ತದೆ, ಮುಂದಿನ ಸಭೆಗೆ ಹೇಳಿ ಎಂದರು. ನಾಲ್ಕು ಸಂಜೆ ಓದಿದೆ. ಅಲ್ಲಿ ನಾನು ಹೇಳಿದ್ದರ ಸಾರವನ್ನು ಇಲ್ಲಿ ಕೊಡುತ್ತೇನೆ. ಬೇರೆ ಶಾಲೆಗಳಲ್ಲೂ ಇದೇ ಜಗಳ ಬರುತ್ತದೆ.

ಡೂಮ್ ಬಂದದ್ದು 1993ರ ಡಿಸೆಂಬರ್‌ನಲ್ಲಿ. ಅಮೆರಿಕದಲ್ಲಿ ಹಿಂಸೆಯ ಅಪರಾಧಗಳಿಗಾಗಿ ಹದಿಹರೆಯದವರ ಬಂಧನ 1994ರ ಸುಮಾರಿಗೆ ತುತ್ತತುದಿ ಮುಟ್ಟಿತು. ಆಮೇಲೆ ಇಳಿಯುತ್ತಾ ಹೋಗಿ, 2010ರ ದಶಕದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಅದೇ ಅವಧಿಯಲ್ಲಿ ಗೇಮ್‌ಗಳು ಮನೆಮನೆ ಸೇರಿದವು. ಗೇಮ್ ಆಡಿದ್ದರಿಂದ ಹಿಂಸೆ ಇಳಿಯಿತು ಅಂತ ಇದರ ಅರ್ಥವಲ್ಲ. ಆದರೆ ಗೇಮ್ ದೊಡ್ಡ ಕಾರಣವಾಗಿದ್ದರೆ ಎರಡೂ ಹೀಗೆ ಬೆನ್ನು ತಿರುಗಿಸಿ ಹೋಗುತ್ತಿರಲಿಲ್ಲ. ಜಪಾನ್, ದಕ್ಷಿಣ ಕೊರಿಯಾದಲ್ಲೂ ಗೇಮ್ ಹುಚ್ಚು ಕಡಿಮೆಯೇನಲ್ಲ. ಅಲ್ಲಿ ಕೊಲೆಗಳ ಪ್ರಮಾಣ ಜಗತ್ತಿನಲ್ಲೇ ತೀರಾ ಕಡಿಮೆ.

2007ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿ 32 ಜನರನ್ನು ಕೊಂದಾಗಲೂ ಟೀವಿಯಲ್ಲಿ ಕೂಡಲೇ ಗೇಮ್‌ನ ಮಾತು ಬಂತು. ತನಿಖೆಯಲ್ಲಿ ನೋಡಿದರೆ, ಕೋಣೆಯಲ್ಲಿ ಜೊತೆಗಿದ್ದವರು ಅವನು ಗೇಮ್ ಆಡಿದ್ದನ್ನೇ ಕಂಡಿರಲಿಲ್ಲ. 2012ರಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳನ್ನು ಕೊಂದ ಹಂತಕ ಗುಂಡಿನ ಆಟಗಳನ್ನು ಆಡುತ್ತಿದ್ದ, ಹೌದು. ಆದರೆ ಗಂಟೆಗಟ್ಟಲೆ ಮುಳುಗಿರುತ್ತಿದ್ದದ್ದು ಹೆಜ್ಜೆ ಹಾಕಿ ಕುಣಿಯುವ ಒಂದು ಆಟದಲ್ಲಿ. ಈ ಸಂಗತಿಯನ್ನು ಹೆಚ್ಚಿನವರು ನೆನಪಿಟ್ಟುಕೊಂಡಿಲ್ಲ.

ಈ ವಿಷಯದಲ್ಲಿ ಗೊಂದಲ ಹುಟ್ಟುವುದು 'ಆಕ್ರಮಣಶೀಲತೆ' ಎಂಬ ಒಂದು ಪದದಿಂದ. ಪ್ರಯೋಗಾಲಯದಲ್ಲಿ ಒಬ್ಬನಿಗೆ ಹದಿನೈದು ನಿಮಿಷ ಗೇಮ್ ಆಡಿಸಿ, ಆಮೇಲೆ ಎದುರಾಳಿಯ ಕಿವಿಗೆ ಎಷ್ಟು ಜೋರಾಗಿ, ಎಷ್ಟು ಹೊತ್ತು ಕರ್ಕಶ ಸದ್ದು ಕೇಳಿಸುತ್ತಾನೆ ಅಂತ ಅಳೆಯುತ್ತಾರೆ. ಇನ್ನು ಕೆಲವರು ಬೇರೆಯವರಿಗೆ ಎಷ್ಟು ಖಾರದ ಸಾಸ್ ಬಡಿಸುತ್ತಾನೆ ಅಂತ ನೋಡುತ್ತಾರೆ. ಇದರಿಂದ ಏನೋ ತಿಳಿಯುತ್ತದೆ, ನಿಜ. ಆದರೆ ಜೋರು ಸದ್ದಿನಿಂದ ಸ್ಟೀಲ್ ಬಾಟಲಿಗೆ ಬಹಳ ದೂರವಿದೆ, ಅಲ್ವಾ? ಅಮೆರಿಕದ ಮನೋವಿಜ್ಞಾನಿಗಳ ಸಂಘ 2015ರಲ್ಲಿ, ಹಿಂಸೆಯ ಗೇಮ್‌ಗೂ ಆಕ್ರಮಣಶೀಲ ನಡತೆಗೂ ನಂಟಿದೆ ಎಂದಿತು. ಅಪರಾಧದ ಬಗ್ಗೆ ಹೇಳುವಷ್ಟು ಸಾಕ್ಷ್ಯವಿಲ್ಲ ಎಂದೂ ಅದೇ ಹೇಳಿತು. 2020ರಲ್ಲಿ ಆ ನಿಲುವನ್ನು ತಿದ್ದಿ ಇನ್ನೂ ಬಿಡಿಸಿ ಹೇಳಿತು: ಕೂಗಾಟ, ತಳ್ಳಾಟದಂಥ ನಡತೆಗೆ ಸಣ್ಣ ನಂಟು ಇದೆ, ಹಿಂಸಾಚಾರಕ್ಕೆ ಗೇಮ್ ಕಾರಣ ಎನ್ನುವುದಕ್ಕೆ ವೈಜ್ಞಾನಿಕ ಆಧಾರ ಸಾಲದು.

ಸಂಶೋಧಕರೆಲ್ಲ ಒಂದೇ ಮಾತು ಹೇಳುವುದಿಲ್ಲ ಅನ್ನುವುದನ್ನೂ ಸಭೆಯಲ್ಲಿ ಮುಚ್ಚಿಡಲಿಲ್ಲ. 2018ರಲ್ಲಿ 24 ಅಧ್ಯಯನಗಳನ್ನು, 17,000ಕ್ಕೂ ಹೆಚ್ಚು ಮಕ್ಕಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹಿಂಸೆಯ ಗೇಮ್ ಆಡುವವರಲ್ಲಿ ಕೈಕೈ ಮಿಲಾಯಿಸುವುದು ಮುಂದಿನ ದಿನಗಳಲ್ಲಿ ಸ್ವಲ್ಪ ಹೆಚ್ಚಿತ್ತು. ಸ್ವಲ್ಪ. 2019ರಲ್ಲಿ ಬ್ರಿಟನ್ನಿನ 14-15 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನದಲ್ಲಿ ಯಾವ ನಂಟೂ ಸಿಗಲಿಲ್ಲ. ಈ ಎರಡನೆಯದನ್ನು ನಾನು ಜಾಸ್ತಿ ನಂಬುತ್ತೇನೆ. ಏನನ್ನು ಹುಡುಕುತ್ತೇವೆ ಅಂತ ಮೊದಲೇ ಬರೆದಿಟ್ಟು ಆಮೇಲೆ ಹುಡುಕಿದ ಕೆಲಸ ಅದು. ಮಕ್ಕಳ ನಡತೆಯ ಬಗ್ಗೆ ಮನೆಯವರನ್ನು ಕೇಳಿದ್ದರು. ಆಟ ಎಷ್ಟು ಹಿಂಸೆಯದು ಅನ್ನುವುದಕ್ಕೆ ಅಧಿಕೃತ ವಯಸ್ಸಿನ ರೇಟಿಂಗ್ ನೋಡಿದ್ದರು.

ಸಭೆಯಲ್ಲಿ ಎಲ್ಲರೂ ಕಿವಿಗೊಟ್ಟು ಕೇಳಿದ್ದು ಮಾತ್ರ ಟೆಟ್ರಿಸ್ ಕಥೆ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟವನ್ನೇ ಸ್ವಲ್ಪ ಕೆಡಿಸಿದರು. ಬೇಕಾದ ತುಂಡು ಬೀಳುವುದೇ ಇಲ್ಲ, ಬೇಡದ್ದೇ ಬೀಳುತ್ತದೆ. ರಕ್ತವಿಲ್ಲ, ಬಂದೂಕಿಲ್ಲ, ಬರೀ ಬಣ್ಣದ ಇಟ್ಟಿಗೆ. ಆಡಿದವರಿಗೆ ಸಿಟ್ಟು ಬಂತು. ಕೆರಳಿಸಿದ್ದು ಗುಂಡಿನ ಸದ್ದಲ್ಲ, ಎಷ್ಟು ಪ್ರಯತ್ನಿಸಿದರೂ ನನ್ನ ಕೈಲಿ ಆಗುತ್ತಿಲ್ಲ ಎನ್ನುವ ಸಂಕಟ.

ಭಾಷಾ ಶಿಕ್ಷಕಿ ಆಗ ತಲೆ ತಗ್ಗಿಸಿದರು. ವಾರಕ್ಕೆರಡು ಸಲ, ಎಲ್ಲರ ಮುಂದೆ, ಆಗದ ಕೆಲಸ. ನಾನು ಅವರನ್ನು ನೋಡಿ ಹೇಳಿದ್ದಲ್ಲ. ಆದರೂ ಮಾತು ಅಲ್ಲಿಗೇ ಹೋಗಿ ಮುಟ್ಟಿತು.

ಮನೆ

ಮನೆಯ ವಿಷಯ ಹೊರಬಂದದ್ದು ಅಚಾನಕ್ಕಾಗಿ. ತಂದೆ ತಾಯಿ ಇಬ್ಬರನ್ನೂ ಕರೆಸಿದ್ದೆ. ತಂದೆ ಮತ್ತೆ ಅದೇ ಹೇಳಿದರು. "ಹೊಡೆಯೋದನ್ನ ಗೇಮ್ ನೋಡಿ ಕಲ್ತಿದಾನೆ ಮೇಡಂ. ನಾನೂ ನಾಲ್ಕು ಬಿಗಿದು ಬುದ್ಧಿ ಹೇಳಿದೀನಿ." ಎರಡು ವಾಕ್ಯ ಅಕ್ಕಪಕ್ಕದಲ್ಲೇ ಕೂತದ್ದು ಅವರಿಗೆ ಕೇಳಿಸಲಿಲ್ಲ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ತಾಯಿ ಸೆರಗಿನ ಅಂಚು ನೋಡುತ್ತಾ ಮೆಲ್ಲಗೆ ಹೇಳಿದರು: "ನಮ್ಮನೇಲಿ ಕೈ ಎತ್ತೋರು ಗೇಮ್ ಆಡೋರಲ್ಲ."

ಅದಾದ ಮೇಲೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಫ್ಯಾನ್ ಸದ್ದು ಮಾತ್ರ. ತಂದೆಗೆ ಚುಚ್ಚಿ ಹೇಳಲು ನನ್ನ ನಾಲಿಗೆ ತುದಿಯಲ್ಲೇ ಮಾತಿತ್ತು. ನುಂಗಿಕೊಂಡೆ. ಅವತ್ತು ಅವರನ್ನು ಆರೋಪಿಯ ಜಾಗದಲ್ಲಿ ನಿಲ್ಲಿಸಿದ್ದರೆ ಮತ್ತೆ ಬರುತ್ತಿರಲಿಲ್ಲ, ಏಟು ತಿನ್ನುವವನು ಮತ್ತೆ ಹುಡುಗನೇ. ಬದಲಿಗೆ ಒಂದೇ ಒಂದು ಕೇಳಿಕೊಂಡೆ. ಎಂಟು ವಾರ ಕೈ ಎತ್ತಬೇಡಿ. ಎತ್ತಿದರೆ ನನಗೆ ಫೋನ್ ಮಾಡಿ, ಬೈಯುವುದಿಲ್ಲ. ಎರಡು ಸಲ ಫೋನ್ ಬಂತು. ಎರಡೂ ಸಲ ಅವರೇ ಮಾಡಿದ್ದು. ಮಗುವಿನ ಸುರಕ್ಷತೆಗೆ ಅಪಾಯ ಕಂಡಿದ್ದರೆ ಶಾಲೆಯ ಹೊರಗಿನ ನೆರವನ್ನು ತಕ್ಷಣ ಕರೆಯಬೇಕಿತ್ತು, ಆ ಪ್ರಶ್ನೆಯನ್ನು ನಾನು ಮತ್ತು ಪ್ರಾಂಶುಪಾಲರು ಪ್ರತಿ ವಾರ ಕೇಳಿಕೊಳ್ಳುತ್ತಿದ್ದೆವು. ಇಲ್ಲಿ ಅಷ್ಟು ದೂರ ಹೋಗಲಿಲ್ಲ. ಎಲ್ಲ ಪ್ರಕರಣಕ್ಕೂ ನನ್ನ ಈ ನಿರ್ಧಾರವೇ ಸರಿ ಎಂದುಕೊಳ್ಳಬೇಡಿ.

ಎರಡನೇ ಸಲ ಮಾಡಿದ್ದು

ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿದೆವು. ಬೇಕಿದ್ದರೆ ಶಿಕ್ಷಕಿಯ ಮುಂದೆ ಒಬ್ಬನೇ ಓದಬಹುದು, ಅಥವಾ ಇನ್ನೊಬ್ಬರ ಜೊತೆ ದನಿಗೂಡಿಸಬಹುದು. ವಾಕ್ ಚಿಕಿತ್ಸಕರ ಬಳಿ ಕಳಿಸಿದೆವು. ಮೂರನೇ ಪೀರಿಯಡ್ ಆದ ಮೇಲೆ ಮೆಟ್ಟಿಲ ತಿರುವಿನಲ್ಲಿ ಒಬ್ಬ ಶಿಕ್ಷಕರು ನಿಲ್ಲತೊಡಗಿದರು. ನಿಂತವರು ಯಾರು ಗೊತ್ತಾ? ಪಿ.ಟಿ. ಮೇಷ್ಟ್ರೇ. ಗೇಮ್ ಬಗ್ಗೆ ಅವರ ಅಭಿಪ್ರಾಯ ಒಂದಿಂಚೂ ಬದಲಾಗಿಲ್ಲ, ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಮೂವರು ಹುಡುಗರ ಮನೆಯವರನ್ನೂ ಕರೆಸಿದೆವು. "ತಮಾಷೆಗೆ ಮಾಡಿದ್ದು" ಎಂಬ ಮಾತು ಮೂರು ಮನೆಯಿಂದಲೂ ಬಂತು.

ಜಾಸ್ತಿ ವಾದ ಆದದ್ದು ಗೇಮ್ ವಾಪಸ್ ಕೊಡಬೇಕೋ ಬೇಡವೋ ಎಂಬುದರ ಮೇಲೆ. ಆ ಆಟ ಹದಿನಾಲ್ಕು ವರ್ಷದವನಿಗೆ ಅಲ್ಲ, ರೇಟಿಂಗ್ ಇರುವುದೇ ಅದಕ್ಕೆ. ಹಿಂಸೆ ಕಲಿಯುತ್ತಾನೆ ಎಂಬ ಭಯಕ್ಕಿಂತ, ಅಲ್ಲಿ ಅಪರಿಚಿತ ವಯಸ್ಕರು ಆಡುವ ಹೊಲಸು ಮಾತಿನ ಚಿಂತೆ ನನಗಿತ್ತು. ಕೊನೆಗೆ ಹುಡುಗನೇ ಒಂದು ದಾರಿ ತೋರಿಸಿದ. ನಾಲ್ಕೂ ಜನ ಸೇರಿ ಬೇರೆ ಆಟಕ್ಕೆ ಹೋಗುತ್ತೇವೆ, ಕಾರು ಓಡಿಸುವುದು, ಧ್ವನಿ ನಮ್ಮ ನಾಲ್ವರಿಗೆ ಮಾತ್ರ. ಸಂಜೆ ಏಳರಿಂದ ಎಂಟೂವರೆ. ರಾತ್ರಿ ಫೋನ್ ಹಾಲ್‌ನಲ್ಲಿ. ಈ ಒಪ್ಪಂದ ಪೂರ್ತಿ ಪಾಲನೆಯಾಯಿತು ಅಂತ ಹೇಳಲಾರೆ. ಶನಿವಾರಗಳಂದು ಹತ್ತು ಗಂಟೆ ದಾಟಿದ್ದು ನನಗೆ ಗೊತ್ತು. ಗುಂಡಿನ ಆಟವನ್ನೂ ಗೆಳೆಯನ ಮನೆಯಲ್ಲಿ ಆಡಿದ್ದಾನೆ, ತಾನೇ ಹೇಳಿದ.

ಏನಾಯಿತು

ಮುಂದಿನ ಏಳು ತಿಂಗಳಲ್ಲಿ ಒಂದು ತಳ್ಳಾಟ, ಫುಟ್‌ಬಾಲ್ ಮೈದಾನದಲ್ಲಿ, ಅವನೊಬ್ಬನದೇ ತಪ್ಪಲ್ಲ. ಗಾಯವಿಲ್ಲ. ಮಂಗಳವಾರ, ಶುಕ್ರವಾರದ ಹೊಟ್ಟೆನೋವು ನಿಂತಿತು. ಉಗ್ಗು ಹೋಗಿಲ್ಲ. ಹೋಗಲೇಬೇಕು ಅಂತಲೂ ಈಗ ಯಾರೂ ಅವನ ಬೆನ್ನು ಬಿದ್ದಿಲ್ಲ.

ಒಟ್ಟಿಗೆ ಇಷ್ಟೆಲ್ಲ ಬದಲಿಸಿದ್ದರಿಂದ ಯಾವುದು ಕೆಲಸ ಮಾಡಿತು ಅಂತ ನಾನು ಬೇರ್ಪಡಿಸಿ ಹೇಳಲಾರೆ. ನಿದ್ದೆಯೋ, ಮೆಟ್ಟಿಲೋ, ಮನೆಯೋ. ನನ್ನನ್ನು ಕೇಳಿದರೆ ಮೆಟ್ಟಿಲು. ಅದು ಅಂದಾಜು.

ಇದನ್ನು ಓದುವ ಶಿಕ್ಷಕರಿಗೆ ಒಂದು ಮಾತು ಹೇಳಬೇಕು ಅನಿಸುತ್ತದೆ. 'ಗೇಮ್' ಎಂಬ ಉತ್ತರ ನಮ್ಮೆಲ್ಲರಿಗೂ ಅನುಕೂಲವಾಗಿತ್ತು. ತಂದೆ ತಮ್ಮ ಕೈ ನೋಡಿಕೊಳ್ಳಬೇಕಾಗಿರಲಿಲ್ಲ. ಶಾಲೆ ತನ್ನ ಮೆಟ್ಟಿಲು ನೋಡಬೇಕಾಗಿರಲಿಲ್ಲ. ನಾನು ನನ್ನ ಕೆಲಸ ಮಾಡಬೇಕಾಗಿರಲಿಲ್ಲ. ಹುಡುಗನಿಗೂ ಅದು ಅನುಕೂಲವೇ. ಬಾಟಲಿ ಎತ್ತಿದ ಕೈ ತನ್ನದು ಅಂತ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಚುಡಾಯಿಸಿದ್ದಕ್ಕೆ ಬಾಟಲಿ ಉತ್ತರವಾಗುವುದಿಲ್ಲ ಎಂಬುದನ್ನು ಅವನ ಜೊತೆ ಕೂತು ಮಾತಾಡಲು ಸಾಧ್ಯವಾದದ್ದು ಗೇಮ್‌ನ ನೆಪ ಬಿದ್ದುಹೋದ ಮೇಲೆಯೇ. ಐದನೇ ತಿಂಗಳಲ್ಲಿ ಅವನು ಎರಡನೇ ಪತ್ರ ಬರೆದ. ನಾವು ಕೇಳಿರಲಿಲ್ಲ. ಮೂರು ಸಾಲು. 'ನೀನು ನಕ್ಕೆ. ನಾನು ಹೊಡೆದೆ. ಹೊಡೆಯಬಾರದಿತ್ತು.' ಸಹಪಾಠಿಯ ತಾಯಿ ಅದನ್ನು ಮೇಜಿನ ಮೇಲೆ ಇಡಲಿಲ್ಲ, ಮಡಚಿ ಚೀಲದಲ್ಲಿ ಹಾಕಿಕೊಂಡರು.

ವರದಿಯ ನಮೂನೆ ಬದಲಿಸಿದ್ದೇವೆ. 'ಕಾರಣ' ಎಂಬ ಸಾಲು ತೆಗೆದು, 'ಹಿಂದಿನ ಎರಡು ವಾರ' ಅಂತ ಅರ್ಧ ಪುಟ ಬಿಟ್ಟಿದ್ದೇವೆ. ನಿದ್ದೆ, ಹಾಜರಿ, ಯಾರ ಜೊತೆ ಊಟ, ಯಾವ ದಾರಿಯಲ್ಲಿ ನಡೆದ, ಮನೆಯಲ್ಲಿ ಏನು. ಗೇಮ್‌ಗೂ ಅಲ್ಲೊಂದು ಜಾಗವಿದೆ, ಉಳಿದವುಗಳ ಪಕ್ಕದಲ್ಲಿ.

ಮೂವರಲ್ಲಿ ಮುಂದೆ ನಿಂತು ಅಣಕಿಸುತ್ತಿದ್ದವನು ವರ್ಷದ ಕೊನೆಗೆ ಬೇರೆ ಶಾಲೆಗೆ ಹೋದ. ಎಂಟು ತಿಂಗಳು ಇನ್ನೊಬ್ಬನ ಬೆನ್ನು ಬಿದ್ದವನು ಅವನು. ಅವನು ಏನು ಆಡುತ್ತಿದ್ದ, ಎಷ್ಟು ಹೊತ್ತಿಗೆ ಮಲಗುತ್ತಿದ್ದ, ಮನೆಯಲ್ಲಿ ಯಾರು ಅವನ ಮೇಲೆ ಕೈ ಎತ್ತುತ್ತಿದ್ದರು ಅಂತ ನಾವು ಕೇಳಲೇ ಇಲ್ಲ. ಅವನ ಫೋನ್ ತೆಗೆದು ಯಾರೂ ಮೇಜಿನ ಮೇಲಿಡಲಿಲ್ಲ.